ಕುಂಬಾದಷ್ಟನ್ನೇ ಕತ್ತರಿಸಿ

ಹಳೇ ಮನೆಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಹೋದ ಚಳಿಗಾಲ ಅಮೆರಿಕದ ಕೇಪ್ ಮೇ ಊರಿನ ಒಂದು ಮನೆಯಿಂದ ಕರೆ ಬಂತು. ಕಿಟಕಿಗಳ ಮರವೆಲ್ಲ ಕೊಳೆತು ಕುಂಬಾಗಿದೆ, ಮೂವತ್ತನ್ನೂ ಕಿತ್ತು ವೈನಿಲ್ ಅನ್ನುವ ಪ್ಲಾಸ್ಟಿಕ್ ಕಿಟಕಿ ಕೂರಿಸಬೇಕು ಅಂತ ಯಾರೋ ಆ ಮನೆಯವರಿಗೆ ಹೇಳಿದ್ದರು. ದಬ್ಬಳ ಹಿಡಿದು ಒಂದೊಂದನ್ನೇ ಚುಚ್ಚಿ ನೋಡಿದೆ. ಸಮುದ್ರದ ಕಡೆಗಿದ್ದ ಏಳು ಕಿಟಕಿಗಳಲ್ಲಿ, ಅದೂ ಕೆಳಗಿನ ಅಡ್ಡಪಟ್ಟಿಯಲ್ಲಿ ಮಾತ್ರ, ದಬ್ಬಳ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಉಳಿದ ಕಡೆ ತುದಿಯೂ ನಾಟಲಿಲ್ಲ.

ನಾಟದಿರುವುದಕ್ಕೆ ಕಾರಣ ಇದೆ. ಆ ಮನೆ ಕಟ್ಟಿದ ಕಾಲದ ಬಡಗಿಗಳಿಗೆ ಸಿಕ್ಕಿದ್ದು ದಟ್ಟ ಕಾಡಿನ ನೆರಳಲ್ಲಿ ನಿಧಾನವಾಗಿ ಬೆಳೆದ ಪೈನ್ ಮರ. ಆ ಪಟ್ಟಿಯ ಕತ್ತರಿಸಿದ ತುದಿಯಲ್ಲಿ ಹೆಬ್ಬೆರಳಗಲದೊಳಗೆ ಇಪ್ಪತ್ತಕ್ಕೂ ಹೆಚ್ಚು ಬೆಳವಣಿಗೆಯ ಬಳೆಗಳನ್ನು ಎಣಿಸಿದೆ. ಇವತ್ತು ಅಂಗಡಿಯಿಂದ ತರುವ ಪೈನ್‌ನಲ್ಲಿ ಐದಾರು ಇದ್ದರೆ ಹೆಚ್ಚು. ಅಂಥ ಚೇಗಿನ ಮರವನ್ನು ಕಸದ ಲಾರಿಗೆ ಹಾಕಿ ಪ್ಲಾಸ್ಟಿಕ್ ತರುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೇಪ್ ಮೇ ಇರುವುದು ನ್ಯೂಜೆರ್ಸಿಯ ದಕ್ಷಿಣದ ತುತ್ತತುದಿಯಲ್ಲಿ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಡೆಲವೇರ್ ಕೊಲ್ಲಿ. ವರ್ಷವಿಡೀ ಇಲ್ಲೇ ಇರುವವರು ಮೂರು ಸಾವಿರವೂ ಇಲ್ಲ, ವಿಕ್ಟೋರಿಯನ್ ಕಾಲದ ಕಟ್ಟಡಗಳು ಮಾತ್ರ 600ಕ್ಕೂ ಹೆಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಶ್ರೀಮಂತರು ಬೇಸಿಗೆಗೆ ಬರುತ್ತಿದ್ದ ಊರು ಇದು, ಮೊದಲು ಹಬೆ ದೋಣಿಯಲ್ಲಿ, ಆಮೇಲೆ ರೈಲಿನಲ್ಲಿ. 1878ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು ಊರ ನಡುವಿನ ಸುಮಾರು 35 ಎಕರೆ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಜನ ಭಾರಿ ಹೋಟೆಲುಗಳ ಆಸೆ ಬಿಟ್ಟು ಎರಡು, ಮೂರು ಅಂತಸ್ತಿನ ಮನೆಗಳನ್ನು ಎಬ್ಬಿಸಿದರು. ಅಷ್ಟರಲ್ಲಿ ಬೇಸಿಗೆಯ ಜನ ಅಟ್ಲಾಂಟಿಕ್ ಸಿಟಿ ಕಡೆ ತಿರುಗಿದ್ದರು. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಈ ಊರಿಗೆ ಬರಲೇ ಇಲ್ಲ. ಮನೆಗಳು ಉಳಿದದ್ದಕ್ಕೆ ಆ ಬಡತನವೇ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ಸೂರಿನಂಚಿಗೂ ಜಗಲಿಯ ಕಂಬಗಳ ನಡುವೆಯೂ ಇಳಿಬಿಟ್ಟ ಮರದ ಕುಸುರಿ ಈ ಮನೆಗಳ ಗುರುತು. ಇದೆಲ್ಲ ಉಳಿ ಹಿಡಿದು ಕೆತ್ತಿದ್ದು ಅಂತ ನೋಡಲು ಬಂದವರು ಅಂದುಕೊಳ್ಳುತ್ತಾರೆ. ಹೆಚ್ಚಿನದು ಯಂತ್ರದ ಗರಗಸದಲ್ಲಿ, ಮಾದರಿ ಪುಸ್ತಕ ನೋಡಿ ಕೊಯ್ದದ್ದು. ಬೆಂಗಳೂರಿನ ದಂಡಿನ ಹಳೇ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚೂಪಾಗಿ ನಿಲ್ಲುವ ‘ಮಂಕಿ ಟಾಪ್’ ಇದರ ದಾಯಾದಿ. ಅಲ್ಲಿ ಅದನ್ನು ನೋಡುತ್ತಾ ಬೆಳೆದವನಿಗೆ ಇಲ್ಲಿಯ ಜಗಲಿಗಳು ಮೊದಲ ದಿನವೇ ಪರಿಚಿತ ಅನ್ನಿಸಿದವು.

ಗೋಡೆಯ ಒಳಗಿನ ಕಥೆ ಬೇರೆ. ಆಗ ‘ಬಲೂನ್ ಫ್ರೇಮ್’ ಪದ್ಧತಿ ಬಂದಿತ್ತು. ತೆಳುವಾದ ರೀಪರುಗಳು ಅಡಿಪಾಯದಿಂದ ಸೂರಿನವರೆಗೆ ನಡುವೆ ತಡೆಯಿಲ್ಲದೆ ಏರುತ್ತವೆ. ಕಟ್ಟುವುದು ಸಲೀಸು. ಆದರೆ ಕೆಳಗೆ ಬೆಂಕಿ ಹತ್ತಿದರೆ ಆ ಟೊಳ್ಳುಗಳೇ ಚಿಮಣಿಯಾಗಿ ಅಟ್ಟಕ್ಕೆ ಮುಟ್ಟಿಸುತ್ತವೆ. ಅದಕ್ಕೇ ಇಂಥ ಗೋಡೆ ಬಿಚ್ಚಿದಾಗಲೆಲ್ಲ ಬಣ್ಣದ ಮಾತು ಎತ್ತುವ ಮೊದಲು ಪ್ರತಿ ಅಂತಸ್ತಿನಲ್ಲೂ ಅಡ್ಡಮರ ಹೊಡೆದು ಟೊಳ್ಳು ಮುಚ್ಚಿಸುತ್ತೇನೆ.

1962ರ ಮಾರ್ಚ್‌ನ ಬಿರುಗಾಳಿ ಕರಾವಳಿಯನ್ನು ಧ್ವಂಸ ಮಾಡಿತು. ಆಮೇಲೆ ಊರನ್ನು ಮತ್ತೆ ಎತ್ತಿ ಕಟ್ಟಲು ಕೇಂದ್ರ ಸರ್ಕಾರದ ಹಣ ಬಂತು. ವಾಸ್ತು ಇತಿಹಾಸಕಾರ್ತಿ ಕ್ಯಾರೊಲಿನ್ ಪಿಟ್ಸ್ ಈ ಮನೆಗಳನ್ನು ದಾಖಲಿಸಿದರು. 1879ರಲ್ಲಿ ಕಟ್ಟಿದ, ವಾಸ್ತುಶಿಲ್ಪಿ ಫ್ರಾಂಕ್ ಫರ್ನೆಸ್ ಅವರದೆಂದು ಹೇಳಲಾಗುವ, ತಲೆಕೆಳಗಾದಂತೆ ಕಾಣುವ ಚಿಮಣಿಗಳ ಫಿಸಿಕ್ ಎಸ್ಟೇಟ್ ಅನ್ನುವ ಬಂಗಲೆ ನೆಲಸಮವಾಗಲಿದ್ದಾಗ, 1970ರಲ್ಲಿ ಊರವರು ಸಂಘ ಕಟ್ಟಿಕೊಂಡು ಉಳಿಸಿಕೊಂಡರು. 1976ರಲ್ಲಿ ಕೇಪ್ ಮೇ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು.

ಅದೇ ಪುನರ್ನಿರ್ಮಾಣದ ಹೆಸರಲ್ಲಿ ಕಪ್ಪು ಜನರ ಮನೆಗಳೂ ನೆಲಕ್ಕುರುಳಿದವು, ಎಷ್ಟೋ ಕುಟುಂಬಗಳು ಊರು ಬಿಟ್ಟವು. 1850ರ ದಶಕದ ಆರಂಭದಲ್ಲಿ, ಗುಲಾಮಗಿರಿಯಿಂದ ತಾವೇ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್‌ಮನ್ ಗುಲಾಮರನ್ನು ಬಿಡಿಸಿ ತರಲು ಬೇಕಾದ ದುಡ್ಡನ್ನು ಇದೇ ಊರಿನಲ್ಲಿ ಕೂಲಿ ಮಾಡಿ ಕೂಡಿಸಿದ್ದರು. ಅವರ ಹೆಸರಿನ ವಸ್ತುಸಂಗ್ರಹಾಲಯ ಬಂದದ್ದು ಮೊನ್ನೆ ಮೊನ್ನೆ. ಕುಸುರಿ ಇದ್ದ ಮನೆ ಪರಂಪರೆ, ಇಲ್ಲದ ಮನೆ ಕೊಳೆಗೇರಿ ಅಂತ ಅಂದು ಎಣಿಸಿದ್ದು ನಮ್ಮ ವೃತ್ತಿಯ ದೊಡ್ಡ ತಪ್ಪು.

ಹೆಗ್ಗುರುತಿನ ಫಲಕ ಇದ್ದರೆ ಮನೆ ಕೆಡವುವ ಹಾಗಿಲ್ಲ ಅಂತ ಅನೇಕರು ತಿಳಿದಿದ್ದಾರೆ. ಖಾಸಗಿ ಮಾಲೀಕ ತನ್ನ ಸ್ವಂತ ದುಡ್ಡಿನಲ್ಲಿ ಕೆಡವಿದರೆ ಆ ಕೇಂದ್ರದ ಪಟ್ಟಿ ತಡೆಯುವುದಿಲ್ಲ. ತಡೆಯುವ ಬಲ ಇರುವುದು ಸ್ಥಳೀಯ ಕಾನೂನಿಗೆ. ಕೇಪ್ ಮೇಯಲ್ಲಿ ಮನೆಯ ಹೊರಮೈ ಮುಟ್ಟಬೇಕಾದರೆ ನಗರದ ಪರಂಪರೆ ಆಯೋಗದ ಮುಂದೆ ಹೋಗಬೇಕು. ನನ್ನ ಗಿರಾಕಿಗಳಿಗೆ ಅದು ಕಿರಿಕಿರಿ. ಆದರೂ ಈ ಬೀದಿಗಳು ಬೀದಿಗಳಾಗಿ ಉಳಿದಿರುವುದು ಅದರಿಂದಲೇ. ಇನ್ನು ದುರಸ್ತಿ ಖರ್ಚಿನ ಶೇ 20ರಷ್ಟನ್ನು ತೆರಿಗೆಯಲ್ಲಿ ಕಳೆಯುವ ಕೇಂದ್ರದ ರಿಯಾಯಿತಿ ಆದಾಯ ತರುವ ಕಟ್ಟಡಗಳಿಗಷ್ಟೇ. ವಸತಿಗೃಹ ನಡೆಸುವವರಿಗೆ ಸಿಗುತ್ತದೆ, ಅದೇ ಬೀದಿಯಲ್ಲಿ ಸ್ವಂತ ಮನೆಯಲ್ಲಿರುವ ವಿಧವೆ ಅಜ್ಜಿಗೆ ಸಿಗುವುದಿಲ್ಲ. ಇದು ಬದಲಾಗಬೇಕು.

ಕಿಟಕಿಗೆ ಬರುತ್ತೇನೆ. ಗಾಜು ಕೂರಿಸಿದ ಏಳು ಮರದ ಪಡಕುಗಳನ್ನು ಬಿಚ್ಚಿ ಕಾರ್ಖಾನೆಗೆ ತಂದೆವು. 1978ಕ್ಕೆ ಮುಂಚಿನ ಮನೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ಲೆಕ್ಕ ಹಿಡಿದು ದೂಳೇಳದ ಹಾಗೆ ಒದ್ದೆ ಮಾಡಿ ಕೆರೆದೆವು. ಕುಂಬಾದಷ್ಟನ್ನೇ ಓರೆಯಾಗಿ ಕತ್ತರಿಸಿ, ಬೇರೆಲ್ಲೋ ಕೆಡವಿದ ಮನೆಯಿಂದ ಎತ್ತಿಟ್ಟಿದ್ದ ಹಳೇ ಪೈನ್ ತುಂಡನ್ನು ಎಳೆಗೆ ಎಳೆ ಹೊಂದಿಸಿ ಅಂಟಿಸಿದೆವು. ಗಾಜು ಹಳೆಯದೇ. ಅದರಲ್ಲಿ ನೋಡಿದರೆ ಎದುರಿನ ಬೇಲಿ ಸ್ವಲ್ಪ ಅಲೆಯಾಡಿದಂತೆ ಕಾಣುತ್ತದೆ. ಅಗಸೆ ಎಣ್ಣೆಗೆ ಸೀಮೆಸುಣ್ಣದ ಪುಡಿ ಕಲಸಿ ಕಣಕದ ಹದಕ್ಕೆ ನಾದಿದ ಪುಟ್ಟಿ ಮೆತ್ತಿ, ಪಡಕು ಮೇಲೆ ಕೆಳಗೆ ಸಲೀಸಾಗಿ ಸರಿಯಲು ಗೋಡೆಯೊಳಗೆ ನೇತುಬಿಟ್ಟ ತೂಕದ ಗುಂಡುಗಳಿಗೆ ಹೊಸ ಹಗ್ಗ ಕಟ್ಟಿದೆವು.

ಕುಂಬಿಗೆ ಮೂಲ ಕಾರಣ ಸಿಕ್ಕಿದ್ದು ಕೊನೆಗೆ, ಏಣಿ ಹತ್ತಿದಾಗ. ಮಳೆನೀರು ಹರಿದುಹೋಗಲು ಸೂರಿನಂಚಿಗೆ ಕಟ್ಟಿದ ದೋಣಿ ಒಂದು ಕಡೆ ಬಿರುಕು ಬಿಟ್ಟು ನೀರೆಲ್ಲ ಆ ಏಳು ಕಿಟಕಿಗಳ ಮೇಲೇ ಸುರಿಯುತ್ತಿತ್ತು. ಮೂವತ್ತು ವೈನಿಲ್ ಕಿಟಕಿ ಹಾಕಿಸಿದ್ದರೂ ನೀರು ಅವುಗಳ ಹಿಂದಿನ ಗೋಡೆಗೆ ಇಳಿಯುತ್ತಲೇ ಇರುತ್ತಿತ್ತು. ದೋಣಿ ಸರಿಮಾಡಲು ಒಂದು ಮಧ್ಯಾಹ್ನ ಸಾಕಾಯಿತು.