ಪ್ರಶ್ನೆಗೊಂದು ವಿಳಾಸ: ನಮ್ಮನ್ನು ನಾವೇ ಕೇಳಿಕೊಳ್ಳುವ ಪಾಠದ ಟಿಪ್ಪಣಿ

ಕೌನ್ಸೆಲಿಂಗ್ ಸರ್ಟಿಫಿಕೇಟ್ ಕೋರ್ಸಿನಲ್ಲಿ ‘ಸ್ವಪ್ರಶ್ನೆ’ ಪಾಠಕ್ಕೆ ಬಂದು ನಿಂತವರಿಗೆ ಇದು. ಪುಸ್ತಕ ಓದುವಾಗ ಎಲ್ಲ ಸಲೀಸು. ನಮ್ಮ ಮನೆಯದ್ದೇ ಒಂದು ತಾಪತ್ರಯ ಹಿಡಿದುಕೊಂಡು ಮಾಡಿ ನೋಡಿದರೆ ಮಾತ್ರ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಹೆಸರು, ಇಸವಿ

ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ, ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಮನಸ್ಸಿನ ತೊಂದರೆಗಳಿಗೆ ತಮ್ಮ ತಮ್ಮ ಚಿಕಿತ್ಸಾ ವಿಧಾನ ರೂಪಿಸಿದರು. ಆದದ್ದಕ್ಕಿಂತ ಅದರ ಬಗ್ಗೆ ನಾವು ಅಂದುಕೊಂಡದ್ದೇ ಜಾಸ್ತಿ ಕಾಡುತ್ತದೆ ಅನ್ನುವುದು ಇಬ್ಬರ ಮಾತಿನ ತಿರುಳು. ಹಾಗಾಗಿ ಅಂದುಕೊಂಡದ್ದನ್ನೇ ತಡೆದು ಕೇಳಬೇಕು: ಇದಕ್ಕೆ ಸಾಕ್ಷಿ ಏನು? ಬೇರೆ ಕಾರಣ ಇರಬಹುದಾ?

1971ರಲ್ಲಿ ಡಿಜುರಿಲ್ಲಾ ಮತ್ತು ಗೋಲ್ಡ್‌ಫ್ರೀಡ್ ಅನ್ನುವ ಮನಶ್ಶಾಸ್ತ್ರಜ್ಞರು ದಿನನಿತ್ಯದ ಸಮಸ್ಯೆ ಬಿಡಿಸಲು ಐದು ಹಂತ ಕೊಟ್ಟರು. ಎದುರಿಸುವ ಮನಸ್ಸು ಮಾಡುವುದು, ಸಮಸ್ಯೆ ಏನೆಂದು ಸರಿಯಾಗಿ ಹೇಳುವುದು, ದಾರಿಗಳನ್ನು ಹುಡುಕುವುದು, ಒಂದನ್ನು ಆರಿಸುವುದು, ಮಾಡಿ ನೋಡಿ ಪರೀಕ್ಷಿಸುವುದು. ನನ್ನ ಪ್ರಕಾರ ಅಸಲು ಕೆಲಸ ಇರುವುದು ಎರಡನೆಯದರಲ್ಲಿ. ಉಳಿದ ನಾಲ್ಕನ್ನು ಬಾಯಿಪಾಠ ಮಾಡಿದರೂ ನಡೆಯುತ್ತದೆ.

‘ಯಾಕೆ’ ಎಲ್ಲಿ ನಿಲ್ಲಬೇಕು?

‘ಐದು ಸಲ ಯಾಕೆ ಅಂತ ಕೇಳಿ’ ಅನ್ನುವುದು ಟೊಯೋಟಾ ಕಾರ್ಖಾನೆಯಿಂದ ಬಂದದ್ದು. ಅಲ್ಲಿನ ತಾಯಿಚಿ ಓನೊ ಕೊಡುವ ಉದಾಹರಣೆ ಇದು. ಮೆಷಿನ್ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಲೋಡ್ ಯಾಕೆ ಜಾಸ್ತಿಯಾಯಿತು? ಬೇರಿಂಗಿಗೆ ಎಣ್ಣೆ ಸಾಕಾಗಲಿಲ್ಲ. ಯಾಕೆ? ಎಣ್ಣೆ ಪಂಪು ಸರಿ ಎಳೆಯುತ್ತಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಒಂದನ್ನೇ ಬದಲಾಯಿಸಿದ್ದರೆ ಅದು ಮತ್ತೆ ಸುಡುತ್ತಿತ್ತು. ಜಾಲರಿ ಹಾಕಿದರೆ ಕಥೆ ಮುಗಿಯಿತು.

ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಈಗ ಇದನ್ನು ಕಾಪುವಿನ ನಮ್ಮ ಮನೆಗೆ ತನ್ನಿ.

ಮಂಗಳೂರಿನ ಆಫೀಸಿಗೆ ಬೆಳಿಗ್ಗೆ ಲೇಟ್, ಯಾಕೆ? ಎಕ್ಸ್‌ಪ್ರೆಸ್ ಬಸ್ ತಪ್ಪಿತು. ಯಾಕೆ ತಪ್ಪಿತು? ಮನೆಯಿಂದ ಹೊರಟದ್ದೇ ತಡ. ಯಾಕೆ? ಸ್ನಾನಕ್ಕೆ ನೀರಿಲ್ಲ, ಪಂಪು ಹಾಕಿ ಟ್ಯಾಂಕ್ ತುಂಬುವವರೆಗೆ ಕಾಯಬೇಕಾಯಿತು. ಯಾಕೆ? ರಾತ್ರಿ ಯಾರೂ ಪಂಪು ಹಾಕಿರಲಿಲ್ಲ. ಯಾಕೆ?

ಇಲ್ಲಿ ಬಾಯಿಗೆ ಬರುವ ಉತ್ತರ ಒಂದೇ: ಅಣ್ಣನಿಗೆ ಜವಾಬ್ದಾರಿ ಇಲ್ಲ.

ಈ ಉತ್ತರ ಬರೆದ ಕೂಡಲೇ ‘ಯಾಕೆ’ಗಳ ಸರಪಳಿ ಸತ್ತ ಹಾಗೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ‘ಜವಾಬ್ದಾರಿ ಇಲ್ಲ’ ಅಂದಮೇಲೆ ಮುಂದಿನ ‘ಯಾಕೆ’ ಎಲ್ಲಿಗೆ ಹೋಗುತ್ತದೆ? ಸಣ್ಣದಿರುವಾಗ ಅಜ್ಜಿ ಮುದ್ದು ಮಾಡಿದ್ದು, ಅಪ್ಪ ಏನೂ ಹೇಳದೆ ಇದ್ದದ್ದು, ಅಲ್ಲಿಗೆ. ಅದೆಲ್ಲ ನಿಜವೇ ಇರಬಹುದು. ಆದರೆ ಇವತ್ತು ರಾತ್ರಿ ಟ್ಯಾಂಕ್ ತುಂಬಿಸಲು ಅದರಿಂದ ಏನೂ ಸಿಗುವುದಿಲ್ಲ. ಸಿಟ್ಟು ಮಾತ್ರ ಬರುತ್ತದೆ.

ಬೇರೆಯವರ ಕೆಲಸಕ್ಕೆ ಪರಿಸ್ಥಿತಿಯನ್ನು ಬಿಟ್ಟು ಸ್ವಭಾವವನ್ನೇ ಕಾರಣ ಮಾಡುವ ಈ ಚಾಳಿಯ ಬಗ್ಗೆ ಲೀ ರಾಸ್ 1977ರಲ್ಲಿ ಬರೆದರು. ಮೂಲಭೂತ ಆರೋಪಣ ದೋಷ ಅಂತ ಅದಕ್ಕೆ ದೊಡ್ಡ ಹೆಸರಿದೆ, ಎರಡು ಅಂಕದ ಪ್ರಶ್ನೆಗೆ ಬರುವಂಥದ್ದು.

ನಾನು ಇಟ್ಟುಕೊಂಡ ನಿಯಮ ಇಷ್ಟೇ. ಉತ್ತರದಲ್ಲಿ ಯಾರದ್ದಾದರೂ ಗುಣ ಬಂದರೆ ಅದನ್ನು ಹೊಡೆದು ಹಾಕಿ. ಒಂದು ಮೆಟ್ಟಿಲು ಹಿಂದೆ ಬನ್ನಿ. ‘ಅವನು ಯಾಕೆ ಮಾಡಲಿಲ್ಲ’ ಅನ್ನುವ ಬದಲು ‘ಅಲ್ಲಿ ಯಾರೇ ಇದ್ದರೂ ಈ ಕೆಲಸ ತಪ್ಪಿಹೋಗುವಂತೆ ಏನಿದೆ’ ಅಂತ ಕೇಳಿ.

ಕೇಳಿದರೆ ಏನು ಕಾಣುತ್ತದೆ ನೋಡಿ. ಪಂಪಿನ ಸ್ವಿಚ್ ಇರುವುದು ಬಾವಿ ಹತ್ತಿರದ ಶೆಡ್ಡಿನಲ್ಲಿ. ಆಷಾಢದ ಮಳೆಯಲ್ಲಿ ಅಲ್ಲಿಗೆ ಹೋಗಲು ಕೊಡೆ ಬೇಕು, ಟಾರ್ಚ್ ಬೇಕು, ಪಾಚಿ ಹಿಡಿದ ಕಲ್ಲಿನ ಮೇಲೆ ಹೆಜ್ಜೆ ಇಡಬೇಕು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಒಳಗಿನಿಂದ ಕಾಣುವುದಿಲ್ಲ. ಸಂಜೆ ಕರೆಂಟ್ ಹೋಗಿ ಬಂದರೆ ಪಂಪು ಹಾಕುವ ಹೊತ್ತು ಕೈತಪ್ಪುತ್ತದೆ, ಆಮೇಲೆ ಪ್ರತಿಯೊಬ್ಬರೂ ಇನ್ನೊಬ್ಬರು ಹಾಕಿರುತ್ತಾರೆ ಅಂದುಕೊಳ್ಳುತ್ತಾರೆ. ಇದರಲ್ಲಿ ಅಣ್ಣ ಎಲ್ಲಿದ್ದಾನೆ? ನೀರಿನ ಮಟ್ಟ ನೋಡಿ ಪಂಪನ್ನು ತಾನೇ ಹಾಕಿ ನಿಲ್ಲಿಸುವ ಫ್ಲೋಟ್ ಸ್ವಿಚ್ ಟ್ಯಾಂಕಿಗೆ ಹಾಕಬಹುದು, ಇಲ್ಲವೇ ಶೆಡ್ಡಿನ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಡುಗೆಮನೆಯ ಗೋಡೆಗೆ ತರಿಸಬಹುದು. ಕೈಗೆ ಸಿಗುವ ಉತ್ತರ ಬಂತಲ್ಲ, ಅಲ್ಲಿ ನಿಲ್ಲಿಸಿ. ಅದು ಮೂರನೇ ‘ಯಾಕೆ’ಗೇ ಬಂದರೂ ಸರಿ, ಏಳನೆಯದಕ್ಕೆ ಬಂದರೂ ಸರಿ. ಐದು ಅನ್ನುವುದು ಶಾಸ್ತ್ರವೇನಲ್ಲ.

ಒಂದು ಉಪಕಥೆ. ಉತ್ತರದಲ್ಲಿ ಬಂದ ಗುಣ ನಮ್ಮದೇ ಆದರೂ ನಿಯಮ ಅದೇ. ‘ನಾನು ಸೋಮಾರಿ’, ‘ನನಗೆ ಧೈರ್ಯ ಇಲ್ಲ’ ಇವೂ ಸರಪಳಿ ಕೊಲ್ಲುತ್ತವೆ. ‘ನನಗೇ ಯಾಕೆ ಹೀಗೆ’ ಅಂತ ಮೆಲುಕು ಹಾಕುತ್ತಾ ಕೂತವರ ಬೇಸರ ಕಡಿಮೆಯಾಗುವ ಬದಲು ಎಳೆಯುತ್ತಲೇ ಹೋಗುತ್ತದೆ ಅಂತ ಸೂಸನ್ ನೋಲೆನ್ ಹೊಕ್ಸೆಮಾ ತೋರಿಸಿದ್ದು ಇದನ್ನೇ. ಮೆಷಿನ್ನಿಗೆ ಕೇಳಿದ ‘ಯಾಕೆ’ ಮನಸ್ಸಿಗೆ ಕೇಳಿದರೆ ಬೈಗುಳದ ಹಾಗೆ ಕೇಳಿಸುತ್ತದೆ ಅಲ್ವಾ?

ವಿಳಾಸ ಬರೆಯಿರಿ

ಇದು ಪುಸ್ತಕದಲ್ಲಿಲ್ಲ, ನನ್ನ ಅಡ್ಡದಾರಿ.

ಚಿಂತೆ ಬಂದಾಗ ಅದನ್ನು ಒಂದು ಪ್ರಶ್ನೆ ಮಾಡಿ ಹಾಳೆ ಮೇಲೆ ಬರೆಯಿರಿ. ಪಕ್ಕದಲ್ಲಿ, ಇದಕ್ಕೆ ಯಾರು ಉತ್ತರ ಕೊಡಬಲ್ಲರು ಅಂತ ಬರೆಯಿರಿ. ವಿಳಾಸ ಇಲ್ಲದ ಕಾಗದವನ್ನು ಪೋಸ್ಟ್ ಡಬ್ಬಿಗೆ ಹಾಕಿದರೆ ಎಲ್ಲಿಗೂ ಮುಟ್ಟುವುದಿಲ್ಲ, ಇದೂ ಹಾಗೆಯೇ.

ಉದಾಹರಣೆ ನಮ್ಮ ಕಡೆಯದ್ದೇ. ದುಬೈಯಲ್ಲಿರುವ ತಮ್ಮ ನಿನ್ನೆಯಿಂದ ವಾಟ್ಸಾಪ್ ನೋಡಿಲ್ಲ. ಅಮ್ಮನ ಪ್ರಶ್ನೆ: ‘ಅವನಿಗೆ ಏನಾದರೂ ಆಗಿದ್ದರೆ?’ ಪಕ್ಕದಲ್ಲಿ ಯಾರ ಹೆಸರು ಬರೆಯುತ್ತೀರಿ? ಯಾರದ್ದೂ ಇಲ್ಲ. ಅದಕ್ಕೇ ಅದು ರಾತ್ರಿಯಿಡೀ ಸುತ್ತುತ್ತದೆ. ಈಗ ತಿರುಗಿಸಿ: ‘ಅವನ ರೂಮಿನವನ ನಂಬರ್ ಯಾರ ಹತ್ತಿರ ಇದೆ?’ ವಿಳಾಸ ಇದೆ, ಸುರತ್ಕಲ್ಲಿನ ಚಿಕ್ಕಮ್ಮ. ಅವರ ಮಗನೇ ಅಲ್ಲಿ ಕೆಲಸ ಕೊಡಿಸಿದ್ದು. ‘ಅವನಿಗೆ ಇವತ್ತು ನೈಟ್ ಶಿಫ್ಟಾ?’ ಅದಕ್ಕೂ ಅದೇ ವಿಳಾಸ. ಒಂದು ಫೋನಿನ ಕೆಲಸ.

ಭಯ ಇದರಿಂದ ಪೂರ್ತಿ ಹೋಗುತ್ತದೆ ಅಂತಲ್ಲ. ಅಮ್ಮ ಫೋನ್ ಮುಗಿಸಿದ ಮೇಲೂ ದೇವರಿಗೆ ದೀಪ ಹಚ್ಚಿದರು. ಆದರೆ ಕೈಗೆ ಒಂದು ಕೆಲಸ ಸಿಕ್ಕಿತು, ಮನೆಯ ಉಳಿದವರಿಗೆ ಊಟ ಸೇರಿತು.

ಎಷ್ಟು ತಿರುಗಿಸಿದರೂ ವಿಳಾಸ ಸಿಗದ ಪ್ರಶ್ನೆಗಳು ಇದ್ದೇ ಇರುತ್ತವೆ. ‘ಮಗಳ ಬದುಕು ಮುಂದೆ ಹೇಗೋ’ ಅನ್ನುವಂಥವು. ಅವಕ್ಕೆ ಥಾಮಸ್ ಬೋರ್ಕೊವೆಕ್ ತಂಡ 1983ರಲ್ಲಿ ಬರೆದ ಉಪಾಯ ಇದೆ: ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ, ಚಿಂತೆಗೆ ಮೀಸಲು. ಬೇರೆ ಹೊತ್ತಲ್ಲಿ ಬಂದರೆ ‘ಸಂಜೆ ಬಾ’ ಅಂತ ಮುಂದೂಡುವುದು. ಮಲಗುವ ಜಾಗ ಮಾತ್ರ ಬೇಡ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಅಂತಾದರೆ ಹಾಳೆ, ಪೆನ್ನು ಬದಿಗಿಡಿ. ಡಾಕ್ಟರ ಹತ್ತಿರ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ವಿಳಾಸ ನಮ್ಮದೇ ಆದರೆ?

ಕ್ಲಾಸಿನಲ್ಲಿ ಗೆಳತಿಯೊಬ್ಬಳು ಎತ್ತಿದ ಪ್ರಶ್ನೆ. ‘ಮಂಗಳೂರಲ್ಲೇ ಇರುವುದಾ, ಬೆಂಗಳೂರಿನ ಕೆಲಸಕ್ಕೆ ಹೋಗುವುದಾ?’ ಇದಕ್ಕೆ ಉತ್ತರ ಕೊಡಬೇಕಾದವಳು ಅವಳೇ.

ಮೊದಲು ಬೇರೆ ವಿಳಾಸ ಇರುವ ತುಂಡುಗಳನ್ನು ಕಿತ್ತು ತೆಗೆಯಿರಿ ಅಂತ ನಾನು ಹೇಳಿದೆ. ಬಾಡಿಗೆ, ಬಸ್ಸು, ಊಟ ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆ? ಅಲ್ಲಿರುವ ಭಾವನನ್ನು ಕೇಳಿ. ಅಪ್ಪನನ್ನು ಮಣಿಪಾಲಕ್ಕೆ ಚೆಕಪ್ಪಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ತಮ್ಮನನ್ನು ಕೇಳಿ. ವಾರಕ್ಕೆರಡು ದಿನ ಮನೆಯಿಂದ ಕೆಲಸ ಕೊಡುತ್ತಾರಾ? ಕಂಪನಿಯವರನ್ನೇ ಕೇಳಿ. ಇಷ್ಟು ಕಳೆದ ಮೇಲೆ ಉಳಿಯುವುದು ಸಣ್ಣ ತುಂಡು: ನನಗೆ ಹೋಗಲು ಮನಸ್ಸಿದೆಯಾ?

ಆ ತುಂಡಿಗೆ ಈಥನ್ ಕ್ರಾಸ್ ತಂಡದ 2014ರ ಅಧ್ಯಯನ ಉಪಯೋಗಕ್ಕೆ ಬರುತ್ತದೆ. ಒತ್ತಡದ ಹೊತ್ತಲ್ಲಿ ‘ನಾನು’ ಅನ್ನದೆ ತಮ್ಮದೇ ಹೆಸರು ಹಿಡಿದು, ‘ನೀನು’ ಅಂತ ತಮ್ಮ ಜೊತೆ ಮಾತಾಡಿಕೊಂಡವರಿಗೆ ಗಾಬರಿ ಕಡಿಮೆ ಇತ್ತು, ಆಮೇಲೆ ಅದನ್ನೇ ಮೆಲುಕು ಹಾಕುವುದೂ ಕಡಿಮೆ ಇತ್ತು. ಜೋರಾಗಿ ಹೇಳಬೇಕಂತಿಲ್ಲ, ಮನಸ್ಸಲ್ಲೇ ಸಾಕು. ಗೆಳತಿ ನಗುತ್ತಾ ಅಲ್ಲೇ ಮಾಡಿ ನೋಡಿದಳು, ತನ್ನ ಹೆಸರು ಹೇಳಿ ‘ನಿನಗೆ ಎಂತ ಬೇಕು ಮಾರಾಯ್ತಿ’ ಅಂತ. ಬೆಂಗಳೂರು ಬೇಡ, ಆದರೆ ಈಗಿನ ಕೆಲಸವೂ ಬೇಡ ಅನ್ನುವ ಉತ್ತರ ಬಂತು. ಅದು ಅವಳು ಬರೆದುಕೊಂಡಿದ್ದ ಎರಡು ದಾರಿಯಲ್ಲಿ ಇರಲೇ ಇಲ್ಲ. ಈಗ ಮೂರನೇ ಹಂತಕ್ಕೆ, ದಾರಿಗಳ ಪಟ್ಟಿಗೆ, ವಾಪಸ್ ಹೋಗಿ ಕೂತಿದ್ದಾಳೆ.