ಮೊದಲ ಬಾರಿಯ ಮತದಾರರನ್ನು ಪ್ರದೇಶವಾರು ಗುಂಪು ಮಾಡುವುದು: ಅಂತರದ ಲೆಕ್ಕದಲ್ಲಿ ನಾನು ಎಡವಿದ ಹಂತ

ಒಂದು ವಿಧಾನಸಭಾ ಕ್ಷೇತ್ರದ ಮತಗಟ್ಟೆಗಳನ್ನು, ಅಲ್ಲಿನ ಹೊಸ ಮತದಾರರ ಪ್ರಮಾಣವನ್ನು ನೋಡಿ ಕೆ-ಮೀನ್ಸ್ (ಅಂಕಿಗಳಲ್ಲಿ ಒಂದನ್ನೊಂದು ಹೋಲುವವುಗಳನ್ನು ಗುಂಪು ಮಾಡುವ ಲೆಕ್ಕ) ವಿಧಾನದಿಂದ ವಿಂಗಡಿಸುವುದು ಈ ಅಭ್ಯಾಸದ ಉದ್ದೇಶ. ವ್ಯಕ್ತಿಗಳ ಹೆಸರು, ವಿಳಾಸ ಇದಕ್ಕೆ ಬೇಕಿಲ್ಲ, ಮತಗಟ್ಟೆಯ ಒಟ್ಟು ಅಂಕಿಗಳಷ್ಟೇ ಸಾಕು.

ಹೊಸ ಮತದಾರರೆಂದರೆ 18–19 ವಯಸ್ಸಿನವರು ಎಂದು ಹಿಡಿಯುವುದು ರೂಢಿ. ಆದರೆ ಕರ್ನಾಟಕದಲ್ಲಿ ಲೋಕಸಭೆಯ ಮತದಾನ 2024ರ ಮೇ 7ಕ್ಕೆ ಮುಗಿದಿದ್ದರಿಂದ, ಅದೇ ಜೂನ್‌ನಲ್ಲಿ 18 ತುಂಬಿದವರು ಮುಂದಿನ ವಿಧಾನಸಭಾ ಚುನಾವಣೆಯ ಹೊತ್ತಿಗೆ 20 ದಾಟಿರುತ್ತಾರೆ. ಅವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಕೆ-ಮೀನ್ಸ್‌ನ ಕ್ರಮ ಸರಳ: ಎಷ್ಟು ಗುಂಪು ಬೇಕೋ ಅಷ್ಟು ಆರಂಭಿಕ ಬಿಂದುಗಳನ್ನು ‘ಕೇಂದ್ರ’ಗಳೆಂದು ಆರಿಸಿ, ಪ್ರತಿ ಮತಗಟ್ಟೆಯನ್ನು ಅದಕ್ಕೆ ಅತಿ ಹತ್ತಿರದ ಕೇಂದ್ರಕ್ಕೆ ಸೇರಿಸಿ, ಗುಂಪಿನ ಸರಾಸರಿಯನ್ನು ಹೊಸ ಕೇಂದ್ರವಾಗಿಸಿ, ಯಾವ ಮತಗಟ್ಟೆಯೂ ಗುಂಪು ಬದಲಿಸದಿರುವವರೆಗೆ ಪುನರಾವರ್ತಿಸುವುದು. ನಾನು ಎಡವಿದ್ದು ‘ಹತ್ತಿರ’ ಎಂಬ ಪದದಲ್ಲಿ.

ಲೆಕ್ಕಕ್ಕೆಂದು ಮೂರು ಮತಗಟ್ಟೆಗಳನ್ನು ಕಲ್ಪಿಸಿಕೊಳ್ಳೋಣ. ‘ಅ’ದಲ್ಲಿ 1200 ಮತದಾರರು, ಅವರಲ್ಲಿ ಹೊಸಬರು 36, ಅಂದರೆ ಶೇ. 3. ‘ಆ’ದಲ್ಲಿ 1100 ಮತದಾರರು, ಹೊಸಬರು 11, ಶೇ. 1. ‘ಇ’ಯಲ್ಲಿ 700 ಮತದಾರರು, ಹೊಸಬರು 21, ಮತ್ತೆ ಶೇ. 3. ನಮ್ಮ ಪ್ರಶ್ನೆಗೆ ‘ಅ’ ಮತ್ತು ‘ಇ’ ಜೊತೆಯಾಗಬೇಕು. ಆದರೆ ಒಟ್ಟು ಮತದಾರರು ಮತ್ತು ಶೇಕಡಾವಾರು ಎಂಬ ಎರಡು ಕಾಲಂಗಳನ್ನು ಇದ್ದಂತೆಯೇ ಕೊಟ್ಟರೆ, ‘ಅ–ಆ’ ಅಂತರವು 100ರ ವರ್ಗ ಮತ್ತು 2ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 100.02; ‘ಅ–ಇ’ ಅಂತರ 500. ಶೇಕಡಾವಾರಿನ ವ್ಯತ್ಯಾಸ ಹೇಳಹೆಸರಿಲ್ಲದಂತೆ ಕರಗಿಹೋಗಿ, ಮತಗಟ್ಟೆಯ ಗಾತ್ರವೇ ಗುಂಪನ್ನು ತೀರ್ಮಾನಿಸುತ್ತದೆ.

ಆದ್ದರಿಂದ ಪ್ರತಿ ಅಂಕಿಯಿಂದ ಆ ಕಾಲಂನ ಸರಾಸರಿಯನ್ನು ಕಳೆದು, ಮಾನಕ ವಿಚಲನೆಯಿಂದ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಬೇಕು. ಇಡೀ ಕ್ಷೇತ್ರದಲ್ಲಿ ಮತದಾರರ ಸರಾಸರಿ 950, ವಿಚಲನೆ 250. ಶೇಕಡಾವಾರಿನ ಸರಾಸರಿ 2, ವಿಚಲನೆ 0.5 ಎಂದಿರಲಿ. ಆಗ ‘ಅ’ (1, 2), ‘ಆ’ (0.6, –2), ‘ಇ’ (–1, 2) ಆಗುತ್ತವೆ. ‘ಅ–ಆ’ ಅಂತರ ಈಗ ಸುಮಾರು 4.02, ‘ಅ–ಇ’ ಅಂತರ 2. ತೀರ್ಪು ಪೂರ್ತಿ ತಿರುಗಿತು. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಕೈಯಾರೆ ಮಾಡಿ ನೋಡುವಂತೆ ಸಹಪಾಠಿಗಳನ್ನು ಕೇಳಿಕೊಳ್ಳುತ್ತೇನೆ. ನನಗೆ ವಿಷಯ ಮನದಟ್ಟಾದದ್ದು ಹಾಗೆಯೇ.

ಇಷ್ಟಾದರೂ ಈ ಗುಂಪುಗಳು ‘ಪ್ರದೇಶ’ಗಳಲ್ಲ, ಏಕೆಂದರೆ ಕ್ಷೇತ್ರದ ಎರಡು ತುದಿಗಳ ಮತಗಟ್ಟೆಗಳು ಒಂದೇ ಗುಂಪಿಗೆ ಬರಬಹುದು. ಅಕ್ಕಪಕ್ಕದವು ಕೂಡಬೇಕಾದರೆ ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಬೇಕು; ಮೊದಲು ಅವುಗಳನ್ನು ಕಿಲೋಮೀಟರಿಗೆ ಬದಲಿಸಿ (ಬೆಂಗಳೂರಿನ ಬಳಿ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ರೇಖಾಂಶ ಸುಮಾರು 108 ಕಿ.ಮೀ.), ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಬೇರೆ ಬೇರೆ ವಿಚಲನೆಗಳಿಂದ ಭಾಗಿಸಿದರೆ ನಕ್ಷೆಯೇ ಒಂದು ಕಡೆಗೆ ಹಿಗ್ಗುತ್ತದೆ.

ಎಷ್ಟು ಗುಂಪು ಮಾಡಬೇಕೆಂದು ತೀರ್ಮಾನಿಸಲು ಸಿಲೂಯೆಟ್ ಅಂಕವನ್ನು (ಮತಗಟ್ಟೆಗಳು ಬೇರೆ ಗುಂಪಿಗಿಂತ ತಮ್ಮ ಗುಂಪಿಗೆ ಎಷ್ಟು ಹತ್ತಿರ ಎಂಬ ಅಳತೆ) ನೋಡಬಹುದು. ಅದು 1ಕ್ಕೆ ಹತ್ತಿರವಾದಷ್ಟೂ ಗುಂಪುಗಳು ಚೆನ್ನಾಗಿ ಬೇರ್ಪಟ್ಟಿವೆ ಎಂದರ್ಥ.

ಶೇಕಡಾವಾರು ಕಡಿಮೆಯಿರುವ ಗುಂಪನ್ನು ಓದುವಾಗ ಬಹಳ ಎಚ್ಚರ ಬೇಕು. ಅಲ್ಲಿ ತರುಣರೇ ಕಡಿಮೆಯೋ, ಅಥವಾ ಇದ್ದವರು ನಮೂನೆ 6 (ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ) ತುಂಬಿಲ್ಲವೋ ಎಂಬುದನ್ನು ಕೆ-ಮೀನ್ಸ್ ಹೇಳಲಾರದು. ನೋಂದಣಿ ಶಿಬಿರ ಬೇಕಾಗಿರುವುದು ಎರಡನೆಯ ಸಂದರ್ಭದಲ್ಲಿ. ಅದನ್ನು ತಿಳಿಯಲು ಆ ಊರಿನ ಜನಸಂಖ್ಯೆಯ ವಯೋಮಾನದ ಅಂಕಿಗಳೊಂದಿಗೆ ಮತದಾರರ ಪಟ್ಟಿಯನ್ನು ಹೋಲಿಸಿ ನೋಡಬೇಕು.