ಟ್ಯೂಬ್ ಇನ್ನೂ ಬೇಕೇ ಎಂದು ಕೇಳಬೇಕಾದವರು

ದಾಖಲಾಗುವಾಗ ರೋಗಿಯಲ್ಲಿ ಇಲ್ಲದಿದ್ದ ಸೋಂಕು 48 ಗಂಟೆಗಳ ಬಳಿಕ ಕಾಣಿಸಿಕೊಂಡರೆ ಅದನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ತಗಲಿದ ಸೋಂಕೆಂದು ಪರಿಗಣಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ತೀವ್ರ ಕಾಯಿಲೆಗೆ ಒಳರೋಗಿಗಳಾಗಿ ಚಿಕಿತ್ಸೆ ಪಡೆಯುವ ಪ್ರತಿ 100 ಮಂದಿಯಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂತಹ ದೇಶಗಳಲ್ಲಿ 15 ಮಂದಿಗೆ ಇಂತಹ ಒಂದು ಸೋಂಕಾದರೂ ತಗಲುತ್ತದೆ.

ಸೋಂಕು ತಡೆಯುವುದೆಂದರೆ ಕೈ ತೊಳೆಯುವುದು ಎಂಬಲ್ಲಿಗೆ ನಮ್ಮ ತರಬೇತಿಗಳು ನಿಂತುಬಿಡುತ್ತವೆ. ಅದು ಮೊದಲ ಕೆಲಸವೇ ಹೌದು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸಾಬೂನು ನೀರಾದರೆ 40ರಿಂದ 60 ಸೆಕೆಂಡು ಬೇಕು, ಕೈಗವಸು ಹಾಕಿದ್ದರೂ ಇದರಿಂದ ವಿನಾಯಿತಿಯಿಲ್ಲ. ಆದರೆ ವಾರ್ಡಿನಲ್ಲಿ ನರ್ಸ್ ಮಾತ್ರ ಮಾಡಬಲ್ಲ ಇನ್ನೊಂದು ಕೆಲಸವಿದೆ: ರೋಗಿಯ ಮೈಗೆ ಹಾಕಿದ ಟ್ಯೂಬುಗಳ ದಿನಲೆಕ್ಕ ಇಡುವುದು.

ಮೂತ್ರದ ಟ್ಯೂಬನ್ನೇ ತೆಗೆದುಕೊಳ್ಳಿ. ಅದು ಒಳಗಿರುವ ಪ್ರತಿ ದಿನವೂ ಸೋಂಕಿನ ಸಾಧ್ಯತೆ ಏರುತ್ತಲೇ ಹೋಗುತ್ತದೆ. ಚೀಲವು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಖಾಲಿ ಮಾಡುವಾಗ ಅದರ ತುದಿ ಪಾತ್ರೆಗೆ ಮುಟ್ಟಬಾರದು. ಒಬ್ಬರ ಪಾತ್ರೆಯನ್ನು ಇನ್ನೊಬ್ಬರಿಗೆ ಬಳಸಬಾರದು. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಬೈಸ್ಟಾಂಡರ್ ಆಗಿ ಜೊತೆಗೆ ನಿಂತ ಮಗನೋ ಸೊಸೆಯೋ ಆ ಚೀಲವನ್ನೆತ್ತಿ ರೋಗಿಯ ಹೊಟ್ಟೆಯ ಮೇಲಿಡುವುದುಂಟು. ಚೀಲದಲ್ಲಿದ್ದುದು ಮತ್ತೆ ಒಳಕ್ಕೆ ಹರಿಯುವುದು ಆಗಲೇ. ಕಾಸರಗೋಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಕೇರಳದ ತೆಂಕಣ ಜಿಲ್ಲೆಗಳಿಂದ ಬಂದ ಸಿಸ್ಟರ್ ಮಲಯಾಳದಲ್ಲಿ ಹೇಳಿದ್ದಕ್ಕೆ ಬದಿಯಡ್ಕದ ಕಡೆಯ ಹಿರಿಯರು ತಲೆಯಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಕನ್ನಡ, ತುಳು ಬಲ್ಲ ಸಹೋದ್ಯೋಗಿಯನ್ನು ಕರೆದು, "ಅಮ್ಮಾ, ಈ ಚೀಲ ಮಂಚಕ್ಕಿಂತ ಮೇಲೆ ಬರಬಾರದು" ಎಂದು ಕೈಹಿಡಿದು ತೋರಿಸುವುದು ಗೋಡೆಯ ಮೇಲಿನ ಹತ್ತು ಫಲಕಗಳಿಗಿಂತ ಮೇಲು.

ಡ್ರಿಪ್ಪಿಗಾಗಿ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆಗೂ (ಕ್ಯಾನುಲಾ) ಇದೇ ಎಚ್ಚರ ಬೇಕು. ಹಾಕಿದ ದಿನಾಂಕವನ್ನು ಪ್ಲಾಸ್ಟರಿನ ಮೇಲೆ ಬರೆದು, ಪ್ರತಿ ಪಾಳಿಯಲ್ಲೂ ನೋವು, ಕೆಂಪು, ಬಾವು ಇದೆಯೇ ಎಂದು ನೋಡಬೇಕು. ಮದ್ದು ಕೊಡುವ ಮುನ್ನ ಅದರ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ ಆರಲು ಬಿಡಬೇಕು. ಆರಲು ಬಿಡುವ ಆ ಕೆಲವು ಕ್ಷಣಗಳೇ ಅವಸರದಲ್ಲಿ ತಪ್ಪಿಹೋಗುವುದು. ಒಬ್ಬ ನರ್ಸಿಗೆ ಅಳತೆ ಮೀರಿ ರೋಗಿಗಳನ್ನು ಒಪ್ಪಿಸಿ, ಬಳಿಕ ಅವರ ಶಿಸ್ತನ್ನು ಮಾತ್ರ ಪ್ರಶ್ನಿಸುವ ಆಡಳಿತಗಳು ಇದನ್ನೂ ಗಮನಿಸಬೇಕು.

ಡಾಕ್ಟರ್ ರೌಂಡ್ಸಿಗೆ ಬಂದಾಗ "ಸರ್, ಟ್ಯೂಬ್ ಹಾಕಿ ನಾಲ್ಕನೆಯ ದಿನ, ತೆಗೆಯಬಹುದೇ?" ಎಂದು ಕೇಳುವುದನ್ನು ಕೆಲವರು ಅಧಿಕಪ್ರಸಂಗವೆಂದು ಭಾವಿಸುತ್ತಾರೆ. ಹಾಗಾಗದಿರಲು ಆಸ್ಪತ್ರೆಯೇ ಲಿಖಿತ ಮಾನದಂಡಗಳನ್ನು ಮಾಡಿ, ಅವು ಪೂರೈಸಿದಾಗ ಟ್ಯೂಬ್ ತೆಗೆಯುವ ಅಧಿಕಾರವನ್ನು ನರ್ಸಿಗೆ ಕೊಡುವುದು ಒಳ್ಳೆಯದು. ಈ ಕ್ರಮವಿರುವಲ್ಲಿ ಟ್ಯೂಬ್ ಒಳಗಿರುವ ದಿನಗಳು ಕಡಿಮೆಯಾಗುತ್ತವೆ. ತೆಗೆದ ಮೇಲೆ ರೋಗಿ ತಾನಾಗಿ ಮೂತ್ರ ಮಾಡಿದರೇ, ಎಷ್ಟು ಹೊತ್ತಿಗೆ, ಎಷ್ಟು ಎಂಬುದನ್ನು ಚಾರ್ಟಿನಲ್ಲಿ ಬರೆದು ಮುಂದಿನ ಪಾಳಿಯವರಿಗೆ ಬಾಯಿಮಾತಿನಲ್ಲೂ ತಿಳಿಸಬೇಕು. ಇಲ್ಲವಾದರೆ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿತೆಂದು ನಡುರಾತ್ರಿ ಮತ್ತೆ ಟ್ಯೂಬ್ ಹಾಕುವ ಪ್ರಸಂಗ ಬರುತ್ತದೆ.